ಚೆಸ್ಟ್‌ನಟ್ ಹೂವಿನ ಕಹಿಜೇನು: ಅದರ ಉತ್ಪತ್ತಿಯೂ ಉಪಯೋಗವೂ

ಕೆಲವು ವರ್ಷಗಳ ಹಿಂದೆ ನಾನು ಮಲೆನಾಡಿನ ಒಂದು ಗ್ರಾಮಕ್ಕೆ ತನಿಖೆಗಾಗಿ ಹೋಗಿದ್ದಾಗ, ಅಲ್ಲಿಯ ಜಮೀನುದಾರರೊಬ್ಬರು ತಮ್ಮ ಪೆಟ್ಟಿಗೆಗಳಿಂದ ತೆಗೆದ ನೇರಳೆ ಹೂವಿನ ಜೇನನ್ನು ತೋರಿಸಿದರು. ಅದು ಕಪ್ಪು ಬೆರೆತ ಕೆಂಪು ಬಣ್ಣದ್ದಾಗಿಯೂ, ಸಿಹಿಯ ಹಿಂದೆಯೇ ತುಸು ಕಹಿಯನ್ನು ತೋರತಕ್ಕದ್ದಾಗಿಯೂ ಇದ್ದಿತು. ವರ್ತಕನೊಬ್ಬನು ಅದನ್ನು ನಾಲಗೆಗೆ ಹಚ್ಚಿ ನೋಡಿ, ಬೆಲ್ಲದ ಪಾಕ ಸೇರಿದೆಯೆಂದು ಹೇಳಿ ಅರ್ಧ ಬೆಲೆಗೆ ಕೇಳಿದನಂತೆ. ಆ ಅಪವಾದಕ್ಕೆ ಅಂಜಿ ಅವರು ಮರುವರ್ಷದಿಂದ ಈ ಜೇನನ್ನು ತಿಳಿಬಣ್ಣದ ಬೇರೆ ಜೇನಿನೊಡನೆ ಕಲಸಿಬಿಡುವ ರೂಢಿಯನ್ನು ಮಾಡಿಕೊಂಡರು. ಇದರಿಂದ ಎರಡೂ ಕೆಟ್ಟವು. ಕಪ್ಪು ಬಣ್ಣವೂ ಕಹಿಯೂ ಜೇನಿನ ದೋಷಗಳಲ್ಲವೆಂಬುದನ್ನು ತಿಳಿಸಲು ಯೂರೋಪು ಖಂಡದ ಚೆಸ್ಟ್‌ನಟ್ ಜೇನಿಗಿಂತ ಒಳ್ಳೆಯ ನಿದರ್ಶನವು ನನಗೆ ತೋರುವುದಿಲ್ಲ.

ಚೆಸ್ಟ್‌ನಟ್ ಮರವು ಇಟಲಿ, ಫ್ರಾನ್ಸ್, ಸ್ಪೇನ್ ದೇಶಗಳ ಬೆಟ್ಟದ ಇಳಿಜಾರುಗಳಲ್ಲಿಯೂ, ತುರ್ಕಿಯ ಕಪ್ಪುಸಮುದ್ರದ ತೀರದಲ್ಲಿಯೂ ವಿಶೇಷವಾಗಿರುವುದು. ಅದು ನೂರಾರು ವರ್ಷ ಬಾಳತಕ್ಕ ದೊಡ್ಡ ಮರ. ಅದರ ಎಲೆಗಳು ನೀಳವಾಗಿ ಅಂಚಿನಲ್ಲಿ ಗರಗಸದ ಹಲ್ಲುಳ್ಳವು. ಮುಳ್ಳುಚಿಪ್ಪಿನೊಳಗೆ ಎರಡು ಮೂರು ಕಂದುಬಣ್ಣದ ಕಾಯಿಗಳಿರುವುವು. ಗೋಧಿ ಬೆಳೆಯದ ಬೆಟ್ಟದ ಊರುಗಳಲ್ಲಿ ಈ ಕಾಯಿಯನ್ನು ಹೊಗೆಯ ಮೇಲೆ ಒಣಗಿಸಿ ಹಿಟ್ಟು ಮಾಡಿ ಬಡವರು ತಲೆತಲಾಂತರದಿಂದ ಜೀವಿಸಿದರಾದ್ದರಿಂದ, ಇಟಲಿಯವರು ಇದನ್ನು ರೊಟ್ಟಿಯ ಮರವೆಂದೇ ಕರೆಯುವರು. ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ಬಿಳಿಹಳದಿಯ ಉದ್ದನೆಯ ಹೂಗೊಂಚಲುಗಳು ಮರವನ್ನೆಲ್ಲಾ ಮುಚ್ಚುವುವು. ಹೂವಿನ ವಾಸನೆಯು ಬಹಳ ತೀಕ್ಷ್ಣ, ಎಲ್ಲರಿಗೂ ಹಿತವಾಗದು. ಜೇನುಹುಳುಗಳಿಗಾದರೋ ಅದರಿಂದ ಮಕರಂದವೂ ಪರಾಗವೂ ಒಟ್ಟಿಗೆ ಯಥೇಚ್ಛವಾಗಿ ದೊರೆಯುವುವು.

ಈ ಜೇನನ್ನು ತೆಗೆಯುವ ಕ್ರಮಕ್ಕೆ ಟಸ್ಕನಿ ಪ್ರಾಂತದ ಉತ್ತರದಲ್ಲಿ, ಮಾಗ್ರಾ ನದಿಯ ಕಣಿವೆಯಲ್ಲಿರುವ ಲೂನಿಜಾನ ಸೀಮೆಯನ್ನು ನೋಡೋಣ. ಅಲ್ಲಿ ಮೇ ತಿಂಗಳಲ್ಲಿ ಮೊದಲು ಹೂಬಿಡುವುದು ಅಕೇಸಿಯವೆಂದು ಕರೆಯಲ್ಪಡುವ ರೊಬಿನಿಯ ಮರ (ಇದು ನಮ್ಮ ಜಾಲಿಯಲ್ಲ). ಅದರ ಜೇನು ನೀರಿನಂತೆ ತಿಳಿಯಾಗಿಯೂ ಬಹು ಮೃದುವಾಗಿಯೂ ಇರುವುದು. ಅದರ ಬೆನ್ನಹಿಂದೆಯೇ ಚೆಸ್ಟ್‌ನಟ್ ಹೂವು ಬರುವುದು. ಸಾಕಣೆಗಾರನ ಜಾಣ್ಮೆಯೆಲ್ಲವೂ ಈ ಎರಡರ ನಡುವಣ ಕೆಲವು ದಿನಗಳಲ್ಲಿರುವುದು. ಹೇಗೆಂದರೆ, ರೊಬಿನಿಯ ಹೂವು ಉದುರುತ್ತಲೇ ಪೆಟ್ಟಿಗೆಯ ಜೇನುಕೋಣೆಗಳನ್ನು ತೆಗೆದು, ಬರಿದಾದ ಎರಿಗಳ ಚೌಕಟ್ಟುಗಳನ್ನು ಇಟ್ಟುಬಿಡಬೇಕು. ಎರಡು ದಿನ ಉದಾಸೀನ ಮಾಡಿದರೂ ಕಪ್ಪು ಜೇನು ಬಿಳಿ ಜೇನಿನೊಳಕ್ಕೆ ಬಂದು, ಮೊದಲನೆಯದರ ಬಣ್ಣವನ್ನೂ ಎರಡನೆಯದರ ಗುಣವನ್ನೂ ಕೆಡಿಸುವುದು. ಕೆಲವರು ಪೆಟ್ಟಿಗೆಗಳನ್ನು ರಾತ್ರಿವೇಳೆ, ಹುಳುಗಳು ಒಳಗಿರುವಾಗ, ಬಂಡಿಗೇರಿಸಿ ಚೆಸ್ಟ್‌ನಟ್ ತೋಪುಗಳಿಗೆ ಸಾಗಿಸುವರು.

ಕೋಶಗಳಿಗೆ ಹುಳುಗಳು ಮೇಣದ ಮುಚ್ಚಳವನ್ನು ಹಾಕಿದ ಮೇಲೆಯೇ ಎರಿಗಳನ್ನು ತೆಗೆಯತಕ್ಕದ್ದು. ಮುಚ್ಚಳವಿಲ್ಲದ ಜೇನಿನಲ್ಲಿ ನೀರಿನಂಶವು ಹೆಚ್ಚಾಗಿದ್ದು ಅದು ಹುಳಿತುಹೋಗುವುದು. ಯೂರೋಪಿನ ನಿಯಮದಂತೆ ನೂರಕ್ಕೆ 20 ಭಾಗಕ್ಕಿಂತ ಮೀರಿ ನೀರಿರಕೂಡದು. ಮುಚ್ಚಳವನ್ನು ಚೂರಿಯಿಂದ ಸವರಿ, ಎರಿಯನ್ನು ತಿರುಗುವ ಯಂತ್ರದಲ್ಲಿಟ್ಟು ತಿರುಗಿಸಿದರೆ ಜೇನು ಹೊರಕ್ಕೆ ಚಿಮ್ಮುವುದು, ಎರಿಯು ಮುರಿಯದೆ ಉಳಿಯುವುದು. ಈ ಯಂತ್ರವನ್ನು 1865ನೆಯ ಇಸವಿಯಲ್ಲಿ ಪ್ರಸಿದ್ಧಿಪಡಿಸಿದವನು ಇಟಲಿಯ ವೆನಿಸ್ ಸೀಮೆಯಲ್ಲಿ ನೆಲಸಿದ್ದ ಫ್ರಾನ್ಸ್ ಹ್ರುಷ್ಕನೆಂಬ ಸೇನಾಧಿಕಾರಿ. ಎರಿಯನ್ನು ಹಿಂಡುವ ಹಳೆಯ ಪದ್ಧತಿಯಲ್ಲಿ ಮರಿಹುಳುಗಳ ರಸವೂ ಪರಾಗವೂ ಬೆರೆತು ಜೇನು ಕೆಡುತ್ತಿದ್ದಿತು. ನಮ್ಮಲ್ಲಿ ಕೆಲವರು ಇಂದಿಗೂ ಹಿಂಡುವುದನ್ನು ಬಿಟ್ಟಿಲ್ಲವೆಂಬುದು ವ್ಯಸನಕರ.

ಚೆಸ್ಟ್‌ನಟ್ ಜೇನು ಕಡುಕಂದು ಬಣ್ಣದ್ದು. ಇದರಲ್ಲಿ ಪೊಟ್ಯಾಸಿಯಂ ಮೊದಲಾದ ಲವಣಗಳು ಇತರ ಹೂಜೇನುಗಳಲ್ಲಿರುವುದಕ್ಕಿಂತ ಹೆಚ್ಚು. ಫ್ರಕ್ಟೋಸ್ ಎಂಬ ಸಕ್ಕರೆಯು ಗ್ಲೂಕೋಸಿಗಿಂತ ಬಹಳ ಹೆಚ್ಚಾಗಿರುವುದರಿಂದ ಇದು ಬೇಗನೆ ಹರಳುಗಟ್ಟದೆ ಬಹುಕಾಲ ದ್ರವವಾಗಿಯೇ ಇರುವುದು. ಪರೀಕ್ಷಕರು ಸೂಕ್ಷ್ಮದರ್ಶಕದಲ್ಲಿ ಪರಾಗವನ್ನೆಣಿಸಿ ಜೇನಿನ ಮೂಲವನ್ನು ನಿರ್ಣಯಿಸುವರಷ್ಟೆ. ಚೆಸ್ಟ್‌ನಟ್ಟಿನ ಪರಾಗವು ಬಹು ಸಣ್ಣದಾಗಿಯೂ ವಿಪುಲವಾಗಿಯೂ ಇರುವುದರಿಂದ, ಸ್ವಲ್ಪ ಜೇನು ಬೆರೆತಿದ್ದರೂ ಎಣಿಕೆಯಲ್ಲಿ ಅದೇ ಮೇಲಾಗಿ ಕಾಣುವುದು. ಆದಕಾರಣ ಎಣಿಕೆಯೊಂದನ್ನೇ ನಂಬದೆ ಬಣ್ಣ, ರುಚಿ, ವಿದ್ಯುತ್ತನ್ನು ಹರಿಯಗೊಡುವ ಶಕ್ತಿ ಇವುಗಳನ್ನೂ ನೋಡುವರು. ಹೀಗೆ ಪರೀಕ್ಷಿಸಿ ಊರಿನ ಹೆಸರಿನಿಂದ ಮಾರಿದುದರ ಫಲವಾಗಿ, ಲೂನಿಜಾನದ ಜೇನಿಗೆ 2004ರಲ್ಲಿ ಯೂರೋಪಿನ ಒಕ್ಕೂಟದ ಕಾನೂನಿನ ರಕ್ಷಣೆಯು ದೊರೆಯಿತು. ಬೇರೆ ಸೀಮೆಯವರು ಆ ಹೆಸರನ್ನು ಉಪಯೋಗಿಸುವಂತಿಲ್ಲ. ನಮ್ಮ ವರ್ತಕನು ದೋಷವೆಂದು ಹಳಿದ ಬಣ್ಣವೂ ಕಹಿಯೂ ಅಲ್ಲಿ ಚೆಸ್ಟ್‌ನಟ್ ಜೇನಿನ ಗುರುತುಗಳಾಗಿವೆ.

ನೇರಳೆಯ ವಿಷಯದಲ್ಲಿಯೂ ಇದೇ ಕ್ರಮವನ್ನು ಅನುಸರಿಸಬಹುದು. ಮೊದಲ ಹೂಗಳು ಅರಳುವ ಮುಂಚೆಯೇ ಜೇನುಕೋಣೆಯನ್ನು ಬರಿದು ಮಾಡಿ, ಹೂವು ಮುಗಿದೊಡನೆ ತೆಗೆದು, ಡಬ್ಬಿಯ ಮೇಲೆ ಹೂವು, ಊರು, ತಿಂಗಳುಗಳನ್ನು ಬರೆದಿಡಬೇಕು. ನಮ್ಮ ತುಡುವೆಯ ಜೇನು ಸ್ವಭಾವದಿಂದಲೇ ತೆಳು. ಆದುದರಿಂದ ಮುಚ್ಚಳದ ವಿಷಯದಲ್ಲಿ ನಾವು ಇಟಲಿಯವರಿಗಿಂತಲೂ ಹೆಚ್ಚು ಜಾಗರೂಕರಾಗಿರತಕ್ಕದ್ದು.

ಜೇನು ಮರವನ್ನು ಅವಲಂಬಿಸಿದುದೆಂಬುದು ಇಟಲಿಯವರಿಗೆ ಕಷ್ಟದಿಂದ ತಿಳಿಯಿತು. 2002ರಲ್ಲಿ ಪೀಡ್ಮಾಂಟ್ ಪ್ರಾಂತದಲ್ಲಿ, ಚೀಣಾ ದೇಶದ ಮೂಲದ ಒಂದು ಸಣ್ಣ ಕಣಜವು ಕಂಡುಬಂದಿತು. ಅದು ಚೆಸ್ಟ್‌ನಟ್ಟಿನ ಮೊಗ್ಗಿನಲ್ಲಿ ಮೊಟ್ಟೆಯಿಡುವುದು. ವಸಂತದಲ್ಲಿ ಚಿಗುರು ಬೆಳೆಯುವ ಬದಲು ಗಂಟುಗಳಾಗುವುವು. ಚಿಗುರಿಲ್ಲದಿದ್ದರೆ ಹೂವೆಲ್ಲಿಯದು? ಪೀಡೆಯು ದೇಶದಲ್ಲೆಲ್ಲಾ ಹರಡಿ, ಕಾಯಿಯ ಬೆಳೆಯೂ ಜೇನೂ ಒಟ್ಟಿಗೆ ಕುಸಿದವು. ಮರಿಹುಳುವು ಗಂಟಿನೊಳಗಿರುವುದರಿಂದ ಔಷಧಿ ಸಿಂಪಡಿಸಿದರೆ ಅದು ಸಾಯದು, ಸಾಯುವುವು ಜೇನುಹುಳುಗಳೇ. ಕೊನೆಗೆ ಆ ಕಣಜದ ಮರಿಯನ್ನೇ ತಿಂದು ಬೆಳೆಯುವ ಟೋರಿಮಸ್ ಎಂಬ ಮತ್ತೊಂದು ಕೀಟವನ್ನು ಜಪಾನಿನಿಂದ ತರಿಸಿ 2005ರಿಂದ ತೋಪುಗಳಲ್ಲಿ ಬಿಟ್ಟರು. ಅದು ನೆಲೆಗೊಳ್ಳಲು ಹಲವು ವರ್ಷಗಳೇ ಬೇಕಾದವು; ಕಾದವರ ಮರಗಳು ಮತ್ತೆ ಹೂಬಿಟ್ಟವು, ಬೇಸತ್ತು ಕಡಿದವರಿಗೆ ಏನೂ ಉಳಿಯಲಿಲ್ಲ. ಬದುವಿನ ನೇರಳೆ ಮರಗಳನ್ನು ಸೌದೆಗೆ ಕೊಡುವ ಜಮೀನುದಾರರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

ಉಪಯೋಗದ ವಿಷಯ ಸ್ವಲ್ಪದರಲ್ಲಿ ಹೇಳಬಹುದು. ಇಟಲಿಯಲ್ಲಿ ಕುರಿಹಾಲಿನ ಹಳೆಯ ಗಿಣ್ಣಿನೊಡನೆಯೂ, ರಿಕೋಟವೆಂಬ ಮೃದುವಾದ ಗಿಣ್ಣಿನೊಡನೆಯೂ ಇದನ್ನು ತಿನ್ನುವರು. ಉಪ್ಪಿಗೂ ಕೊಬ್ಬಿಗೂ ಈ ಕಹಿಯು ಚೆನ್ನಾಗಿ ಹೊಂದುವುದು. ತುರ್ಕಿಯಲ್ಲಿ ಕೆಮ್ಮಿಗೆ ಮನೆಮದ್ದಾಗಿ ಸೇವಿಸುವರು. ಯಾವ ಜೇನನ್ನಾದರೂ ಕುದಿಸಕೂಡದು. ಕುದಿಸಿದರೆ ಪರಿಮಳವೂ ಗುಣವೂ ಹೋಗುವುವು. ಗಾಜಿನ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ ಬಿಸಿಲು ತಾಗದೆಡೆಯಲ್ಲಿಡಬೇಕು. ಒಂದು ವರ್ಷ ತುಂಬದ ಕೂಸುಗಳಿಗೆ ಮಾತ್ರ, ಬಾಣಂತಿಯ ಮನೆಯ ಹಿರಿಯರು ಎಷ್ಟು ಒತ್ತಾಯಮಾಡಿದರೂ, ಜೇನನ್ನು ನೆಕ್ಕಿಸಲಾಗದು. ಅದರಲ್ಲಿ ಒಮ್ಮೊಮ್ಮೆ ಇರುವ ಬಾಟ್ಯುಲಿಸಂ ರೋಗದ ಬೀಜಾಣುಗಳನ್ನು ಎಳೆಯ ಕರುಳು ತಡೆಯಲಾರದು.