ಜನ ಕೂರುವ ಗಾಡಿ, ಸರಕು ಹೊರುವ ಗಾಡಿ

ಹೊಸ ವಾಹನವೊಂದನ್ನು ಕೊಳ್ಳಬೇಕೆಂಬ ಆಲೋಚನೆ ಮಧ್ಯಮ ಸ್ಥಿತಿಯ ಕುಟುಂಬದಲ್ಲಿ ತಲೆದೋರಿದ ಕೂಡಲೇ, ಅದುವರೆಗೆ ಮಿತವ್ಯಯವನ್ನೇ ಧರ್ಮವೆಂದು ನಂಬಿದ್ದ ಹಿರಿಯರಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ಪ್ರತಿಯೊಬ್ಬರೂ ಒಂದೊಂದು ಮತದ ಪ್ರತಿಪಾದಕರಾಗಿ ನಿಲ್ಲುವುದುಂಟು. ನಮ್ಮ ಮನೆಯಲ್ಲಿ ಪಕ್ಷಗಳು ಮೂರಾದವು. ಮುಳಬಾಗಿಲಿಗೆ ಸಮೀಪದ ಹಳ್ಳಿಯಲ್ಲಿ ಟೊಮ್ಯಾಟೊ ಬೆಳೆಯುವ ನನ್ನ ತಮ್ಮನು ಸರಕು ಸಾಗಿಸುವ ಪಿಕಪ್ಪೇ ಆಗಬೇಕೆಂದನು. ಮೊಣಕಾಲಿನ ನೋವಿನಿಂದ ಮೆಟ್ಟಿಲು ಹತ್ತಲಾರದ ನನ್ನ ತಾಯಿಯನ್ನು ನೆನೆದು ನನ್ನ ಪತ್ನಿಯು ಸಾಧಾರಣ ಕಾರೊಂದು ಸಾಕೆಂದಳು. ಬೆಂಗಳೂರಿನಲ್ಲಿ ಉದ್ಯೋಗಿಯಾಗಿರುವ ಮಗನಾದರೋ, ಎರಡು ಪಕ್ಷಗಳನ್ನೂ ಸಮನ್ವಯಗೊಳಿಸುವ ಉತ್ಸಾಹದಿಂದ, ಮುಂದೆ ಐವರಿಗೆ ಆಸನವೂ ಹಿಂದೆ ತೆರೆದ ಬಾಡಿಯೂ ಉಳ್ಳ ಆಧುನಿಕ ಡಬಲ್ ಕ್ಯಾಬ್ ಪಿಕಪ್ಪನ್ನು ಸೂಚಿಸಿದನು. ನಿವೃತ್ತ ಉಪಾಧ್ಯಾಯನಿಗೆ ವಿರಾಮವಿರುವುದೆಂಬ ಸಾರ್ವತ್ರಿಕ ನಂಬಿಕೆಯ ಫಲವಾಗಿ ವಿಚಾರಣೆಯ ಭಾರವೂ ತೀರ್ಪಿನ ಭಾರವೂ ನನ್ನ ಮೇಲೆ ಬಿದ್ದವು.

ಈ ಸೀಮೆಯಲ್ಲಿ ಪಿಕಪ್ಪಿನ ವಿಷಯವಾಗಿ ಯಾರಿಗೂ ಪೀಠಿಕೆ ಬೇಕಾಗಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆಯಲ್ಲಿ ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಲೆಕ್ಕವಿಟ್ಟು ಬೆಳೆದ ಟೊಮ್ಯಾಟೊ, ಹದಿನೈದು ಕಿಲೋ ಹಿಡಿಯುವ ಬಾಕ್ಸುಗಳಲ್ಲಿ ತುಂಬಿ, ವಡ್ಡಹಳ್ಳಿಯ ಮಾರುಕಟ್ಟೆಗೋ ಕೋಲಾರದ ಎ.ಪಿ.ಎಂ.ಸಿ.ಗೋ ಹರಾಜಿನ ವೇಳೆಗೆ ತಲುಪದಿದ್ದರೆ ಅಷ್ಟೂ ಶ್ರಮ ನಿಷ್ಫಲ. ಆ ಕಾರ್ಯಕ್ಕಾಗಿ 2005ರಲ್ಲಿ ಬಂದ ಟಾಟಾ ಏಸ್, ಮುಕ್ಕಾಲು ಟನ್ನಿನಷ್ಟೇ ಹೊರುವ ಅಲ್ಪಕಾಯದ ಗಾಡಿಯಾದರೂ, ಎರಡು ಸಿಲಿಂಡರಿನ ಎಂಜಿನ್ನಿನಿಂದಲೇ ದೇಶದ ಸಣ್ಣ ಸಾಗಾಣಿಕೆಯ ಸ್ವರೂಪವನ್ನು ಬದಲಾಯಿಸಿತು. ಅದಕ್ಕಿಂತ ದೊಡ್ಡ ಹೊರೆಗೆ ಬೊಲೆರೊ ಪಿಕಪ್ಪು, 2011ರಿಂದ ಅಶೋಕ್ ಲೇಲ್ಯಾಂಡ್ ದೋಸ್ತ್, ಇವು ನಮ್ಮ ಹಾದಿಗಳನ್ನು ಆಕ್ರಮಿಸಿದವು. ಸಾಯಂಕಾಲ ನಮ್ಮ ಹಳ್ಳಿಗೆ ಬರುವ ಪಿಕಪ್ಪು ಒಂದು ತೋಟದಲ್ಲಿ ಇಪ್ಪತ್ತು, ಇನ್ನೊಂದರಲ್ಲಿ ನಲವತ್ತು ಬಾಕ್ಸುಗಳನ್ನು ಏರಿಸಿಕೊಂಡು, ಮರುದಿನ ಮಂಡಿಯ ಖಾಲಿ ಬಾಕ್ಸುಗಳನ್ನು ಹಿಂದಕ್ಕೆ ತಂದುಕೊಡುತ್ತದೆ. ಬಾಡಿಗೆಯು ಬಾಕ್ಸೊಂದಕ್ಕೆ ಇಷ್ಟೆಂದು ನಿಗದಿಯಾಗಿ, ಮಂಡಿಯವರು ಕೊಡುವ ಪಟ್ಟಿಯಲ್ಲಿಯೇ ಕಳೆದುಹೋಗುತ್ತದೆ. ಮಾಲೀಕನು ಒಬ್ಬನೇ ಆದರೂ ಪಿಕಪ್ಪು ವ್ಯವಹಾರದಲ್ಲಿ ಇಡೀ ಹಳ್ಳಿಯ ಸೊತ್ತೇ ಸರಿ.

ಪಿಕಪ್ಪಿನ ಜನ್ಮಭೂಮಿಯಾದ ಅಮೆರಿಕದಲ್ಲಿ ಅದರ ಚರಿತ್ರೆ ವಿಪರೀತ ದಿಕ್ಕಿನಲ್ಲಿ ಸಾಗಿತು. 1925ರಲ್ಲಿ ಫೋರ್ಡ್ ಕಂಪೆನಿಯು ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಉಕ್ಕಿನ ಪೆಟ್ಟಿಗೆಯೊಂದನ್ನು ಜೋಡಿಸಿ 281 ಡಾಲರಿಗೆ ಮಾರಲಾರಂಭಿಸಿದಾಗ ಅದು ರೈತನ ಗಾಡಿಯಾಗಿತ್ತು. ಅಮೆರಿಕದ ಕೋಳಿಮಾಂಸದ ಮೇಲೆ ಐರೋಪ್ಯರು ಹೇರಿದ ಸುಂಕಕ್ಕೆ ಪ್ರತೀಕಾರವಾಗಿ 1964ರಲ್ಲಿ ಆ ಸರ್ಕಾರವು ಆಮದಾಗುವ ಲಘು ಟ್ರಕ್ಕುಗಳಿಗೆ ಶೇಕಡ 25ರ ಸುಂಕವನ್ನು ವಿಧಿಸಿತು. ಕೋಳಿಯ ಜಗಳ ಮರೆತುಹೋದರೂ ಟ್ರಕ್ಕಿನ ಸುಂಕ ಉಳಿಯಿತು. ಆ ಗೋಡೆಯ ಮರೆಯಲ್ಲಿ ಅಲ್ಲಿಯ ಕಂಪೆನಿಗಳಿಗೆ ಪಿಕಪ್ಪೇ ಅಧಿಕ ಲಾಭದ ಸರಕಾಯಿತು. ದಶಕದಿಂದ ದಶಕಕ್ಕೆ ಅದರ ಎತ್ತರವೂ ತೂಕವೂ ಬೆಳೆದವು. ಮನುಷ್ಯರು ಕೂರುವ ಕ್ಯಾಬು ಹಿಗ್ಗಿತು, ಹೊರೆ ಹೊರುವ ಬಾಡಿ ಕುಗ್ಗಿತು. ನಮ್ಮಲ್ಲಿ ಕೊಳ್ಳುವವನು ಬಾಡಿಯ ಉದ್ದ ಒಂಬತ್ತು ಅಡಿಯೋ ಹತ್ತು ಅಡಿಯೋ ಎಂದು ವಿಚಾರಿಸಿದರೆ, ಅಲ್ಲಿ ಕೊಳ್ಳುವವನು ಆಸನದ ಚರ್ಮದ ಬಣ್ಣವನ್ನು ವಿಚಾರಿಸುವ ಸ್ಥಿತಿ ಬಂದಿದೆ.

ಮಗನು ಸೂಚಿಸಿದ ವಾಹನವು ಈ ಎರಡನೆಯ ವಂಶಕ್ಕೆ ಸೇರಿದ್ದು. ಇಸುಜು ಕಂಪೆನಿಯು 2016ರಿಂದ ನೆರೆಯ ಆಂಧ್ರದ ಶ್ರೀಸಿಟಿಯಲ್ಲಿ ವಿ-ಕ್ರಾಸನ್ನು ತಯಾರಿಸುತ್ತಿದೆ. ಟೊಯೋಟಾದ ಹೈಲಕ್ಸ್ 2022ರಲ್ಲಿ ನಮ್ಮ ಬಿಡದಿಯಿಂದಲೇ ಸುಮಾರು 34 ಲಕ್ಷ ರೂಪಾಯಿಗಳ ಆರಂಭ ಬೆಲೆಯೊಡನೆ ಹೊರಬಂದಿತು. ಅಂತಹ ವಾಹನವನ್ನು ನಾನು ಪೂರ್ವಗ್ರಹವಿಲ್ಲದೆ ಪರೀಕ್ಷಿಸಿದೆನು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿಯನ್ನು ಹಂಚಿ ಉಳುಮೆಯ ಮಣ್ಣಿನಲ್ಲಿಯೂ ಅದು ನಿರಾಯಾಸವಾಗಿ ಏರಿತು; ಅದರ ಬಲಕ್ಕೂ ದೃಢತೆಗೂ ತಲೆದೂಗದಿರಲು ಸಾಧ್ಯವಾಗಲಿಲ್ಲ. ಆದರೆ ಹಿಂದಿನ ಬಾಡಿಯು ಉದ್ದದಲ್ಲಿ ಸುಮಾರು 5 ಅಡಿ. ಎರಡಡಿಯ ಬಾಕ್ಸುಗಳನ್ನು ಹರಡಿದರೆ ಒಂದು ಪದರಕ್ಕೆ ಆರೋ ಏಳೋ ಹಿಡಿದಾವು. 1.7 ಟನ್ನಿನ ಬೊಲೆರೊ ಪಿಕಪ್ಪಿನಲ್ಲಿ ನ್ಯಾಯವಾಗಿ ನೂರು ಬಾಕ್ಸು ಹೋಗುವಲ್ಲಿ, ಅದರ ಮೂರು ಪಟ್ಟು ಬೆಲೆಯ ವಾಹನದಲ್ಲಿ ಇಪ್ಪತ್ತನ್ನು ಏರಿಸಿ ಹಗ್ಗ ಬಿಗಿಯುವುದು ಯಾವ ಅರ್ಥಶಾಸ್ತ್ರ? ಇತ್ತ ಐದೂಕಾಲು ಮೀಟರಿಗೂ ಮೀರಿದ ಆ ಕಾಯವನ್ನು ಸಂತೆಯ ದಿನ ನಮ್ಮ ಪೇಟೆಯ ಬೀದಿಯಲ್ಲಿ ತಿರುಗಿಸುವುದು ಚಾಲಕನಿಗೆ ತಪಸ್ಸು. ಅದರ ಎತ್ತರದ ಆಸನಕ್ಕೆ ಏರುವುದು ನನ್ನ ತಾಯಿಗೆ ಅಸಾಧ್ಯ.

ತಮ್ಮನ ಅಪೇಕ್ಷೆಯಂತೆ ದುಡಿಮೆಯ ಪಿಕಪ್ಪನ್ನೇ ತಂದು, ರಜಾದಿನಗಳಲ್ಲಿ ಕುಟುಂಬಸಮೇತ ಕುರುಡುಮಲೆಗೋ ಆವನಿಗೋ ಹೋಗಿಬರಬಹುದೆಂಬ ವಾದವೂ ವಿಚಾರಣೆಗೆ ನಿಲ್ಲಲಿಲ್ಲ. ಟನ್ನುಗಟ್ಟಲೆ ಭಾರಕ್ಕಾಗಿ ಹೊಂದಿಸಿದ ಹಿಂದಿನ ಲೀಫ್ ಸ್ಪ್ರಿಂಗುಗಳು ಭಾರವಿಲ್ಲದಾಗ ಬಾಗುವುದೇ ಇಲ್ಲ. ಖಾಲಿ ಗಾಡಿ ಪ್ರತಿಯೊಂದು ಹಳ್ಳದಲ್ಲಿಯೂ ಕುಪ್ಪಳಿಸಿ, ಒದ್ದೆ ಮಣ್ಣಿನಲ್ಲಿ ಹಿಂಭಾಗವನ್ನು ಜಾರಿಸುವುದಕ್ಕೆ ಇದೇ ಕಾರಣ. ಕಾನೂನಿನ ವಿಷಯವೂ ಗಂಭೀರವಾದದ್ದು. ಹಳದಿ ಬೋರ್ಡಿನ ಸರಕು ವಾಹನಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಯೋಗ್ಯತಾಪತ್ರ, ಅಂದರೆ ಎಫ್‌.ಸಿ. ಮಾಡಿಸತಕ್ಕದ್ದು. ಒಟ್ಟು ತೂಕ 3,000 ಕಿಲೋ ಮೀರದಿದ್ದರೆ ಪರ್ಮಿಟ್ಟಿನ ಅಗತ್ಯವಿಲ್ಲವೆಂಬುದು, 7,500 ಕಿಲೋವರೆಗಿನ ಸರಕು ವಾಹನಕ್ಕೆ ಕಾರಿನ ಲೈಸೆನ್ಸೇ ಸಾಕೆಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ತೀರ್ಮಾನಿಸಿದ್ದು, ಇವೆರಡೂ ಸಮಾಧಾನದ ಸಂಗತಿಗಳೇ. ಆದರೆ ಬಾಡಿಯಲ್ಲಿ ಜನರನ್ನು ಕೂರಿಸುವುದು ನಿಷಿದ್ಧ. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಸಾಗಿದವರ ಸಾವುನೋವಿಗೆ ವಿಮಾ ಕಂಪೆನಿಯು ಹೊಣೆಯಲ್ಲವೆಂದು ಅದೇ ನ್ಯಾಯಾಲಯವು ಬಹುಕಾಲದ ಹಿಂದೆಯೇ ಹೇಳಿದೆ. ಮದುವೆಯ ದಿಬ್ಬಣವನ್ನೂ ಕೂಲಿಯಾಳುಗಳನ್ನೂ ಪಿಕಪ್ಪಿನಲ್ಲಿ ನಿಲ್ಲಿಸಿ ಒಯ್ಯುವ ನಮ್ಮ ಸೀಮೆಯ ಪದ್ಧತಿಯನ್ನು ಕಂಡವರು ಈ ಮಾತನ್ನು ಲಘುವಾಗಿ ಎಣಿಸಬಾರದು.

ಇನ್ನು ಹಣದ ಮಾತು. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿಗಳನ್ನು ದಾಟಿದಾಗ ನಮ್ಮ ಸುತ್ತಿನ ಕೆಲವರು ಆ ಉಬ್ಬರವನ್ನೇ ಶಾಶ್ವತವೆಂದೆಣಿಸಿ ಗಾಡಿಗಳನ್ನು ತಂದರು. ಬೆಲೆಯು ಕುಸಿದು ಹಣ್ಣನ್ನು ರಸ್ತೆಯ ಪಕ್ಕಕ್ಕೆ ಸುರಿಯುವ ಕಾಲವೂ ಇದೇ ಮಾರುಕಟ್ಟೆಯದು; ಕಂತು ಮಾತ್ರ ಎರಡು ಕಾಲಗಳಲ್ಲಿಯೂ ಒಂದೇ. ನಮ್ಮ ಹಳ್ಳಿಗೆ ಬರುವ ಪಿಕಪ್ಪಿನ ಚಾಲಕನನ್ನು ನಾನು ಈ ಬಗ್ಗೆ ಕೇಳಿದೆನು. ಅವನೇ ಗಾಡಿಯ ಮಾಲೀಕನೂ ಹೌದು, ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದವನು.

“ನಿಮ್ಮ ತಮ್ಮಂಗೆ ಬೇಡ ಅನ್ನಿ ಮೇಷ್ಟ್ರೇ. ಅಣ್ಣನ ತೋಟ ಒಂದರ ಮಾಲಿಗೆ ಗಾಡಿ ತಂದ್ರೆ ವರ್ಷದಲ್ಲಿ ಮುಕ್ಕಾಲು ದಿನ ನಿಂತೇ ಇರ್ತದೆ. ಗಾಡಿ ನಿಲ್ತದೆ, ಬಡ್ಡಿ ನಿಲ್ಲಲ್ಲ. ನಾನು ಹತ್ತು ತೋಟ ಸುತ್ತೋದಕ್ಕೇ ನನಗೆ ಗಿಟ್ತಾ ಇರೋದು” ಎಂದನು.

ಗಿರಾಕಿಯನ್ನು ಕಳೆದುಕೊಳ್ಳಲು ಇಷ್ಟವಿಲ್ಲದವನ ಮಾತೆಂದು ತಮ್ಮನು ನಕ್ಕನಾದರೂ, ತನ್ನ ಪಟ್ಟಿಗಳನ್ನು ತಂದು ವರ್ಷದ ಬಾಡಿಗೆಯನ್ನು ಕೂಡಿದಾಗ ಮೊತ್ತವು ಹೊಸ ಪಿಕಪ್ಪಿನ ಕೆಲವೇ ಕಂತುಗಳನ್ನೂ ಮುಟ್ಟಲಿಲ್ಲ. ಆ ಸಂಜೆ ಅವನ ಪಕ್ಷವು ತಾನಾಗಿಯೇ ವಿಸರ್ಜಿತವಾಯಿತು.

ಕಾರಿನ ಆಯ್ಕೆಯಲ್ಲಿ ತೆರಿಗೆಯೇ ಅರ್ಧ ಮಾರ್ಗದರ್ಶಿ. 2025ರ ಸೆಪ್ಟೆಂಬರ್ 22ರಿಂದ, ಉದ್ದದಲ್ಲಿ 4 ಮೀಟರ್ ಮೀರದ, ಪೆಟ್ರೋಲಾದರೆ 1,200 ಸಿ.ಸಿ., ಡೀಸೆಲಾದರೆ 1,500 ಸಿ.ಸಿ. ಮೀರದ ಕಾರುಗಳಿಗೆ ಜಿ.ಎಸ್.ಟಿ. ಶೇಕಡ 18, ಆ ಗಡಿ ದಾಟಿದವಕ್ಕೆ ಶೇಕಡ 40. ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆಯು 5ರಿಂದ 10 ಲಕ್ಷದ ಕಾರಿಗೆ ಶೇಕಡ 14, 20 ಲಕ್ಷದವರೆಗೆ 17, ಅದರಾಚೆಗೆ 18. ಆದಕಾರಣ ಜಾಹೀರಾತಿನ ಎಕ್ಸ್-ಶೋರೂಂ ಬೆಲೆಯನ್ನು ನಂಬದೆ, ಆನ್‌ರೋಡ್ ಬೆಲೆಯ ಪ್ರತಿಯೊಂದು ಬಾಬ್ತನ್ನೂ ಬರವಣಿಗೆಯಲ್ಲಿ ಪಡೆಯತಕ್ಕದ್ದು. ಒಂದು ಶೋರೂಮಿನಲ್ಲಿ “ಹ್ಯಾಂಡ್ಲಿಂಗ್” ಎಂಬ ಶೀರ್ಷಿಕೆಯಡಿ ಸೇರಿದ್ದ ಮೊತ್ತವು, ಅದು ಯಾವ ಸೇವೆಗೆಂದು ವಿನಯದಿಂದ ಕೇಳಿದ ಮಾತ್ರಕ್ಕೇ ಮಾಯವಾಯಿತು. ವಿಮೆಯನ್ನು ಅಲ್ಲಿಯೇ ಮಾಡಿಸಬೇಕೆಂಬ ನಿರ್ಬಂಧವೂ ಇಲ್ಲ. ಪರೀಕ್ಷಾರ್ಥ ಚಾಲನೆಯನ್ನು ಹೆದ್ದಾರಿಯಲ್ಲಿ ಮುಗಿಸಿಬಿಡುವುದು ಮಾರುವವರ ರೂಢಿ. ರಾಷ್ಟ್ರೀಯ ಹೆದ್ದಾರಿ 75ರ ನುಣುಪಿನ ಮೇಲೆ ಎಲ್ಲ ಕಾರುಗಳೂ ಉತ್ತಮವೇ. ಆದುದರಿಂದ ನಾನು ಮನೆಮಂದಿಯನ್ನೆಲ್ಲ ಕೂರಿಸಿ, ಎ.ಸಿ.ಯನ್ನು ಚಾಲೂ ಮಾಡಿಸಿ, ನಮ್ಮ ಹಳ್ಳಿಯ ಮಣ್ಣುದಾರಿಯಲ್ಲಿಯೇ ಓಡಿಸಿ ನೋಡಬೇಕೆಂದು ಹಟ ಹಿಡಿದೆನು. ಪುಸ್ತಕದಲ್ಲಿ ಸಮಾನವಾಗಿದ್ದ ಎರಡು ಕಾರುಗಳ ಅಂತರ ಆ ದಾರಿಯಲ್ಲಿ ತಾನಾಗಿ ಬಯಲಾಯಿತು: ಒಂದರ ತಳ ದಾರಿಯ ನಡುದಿಬ್ಬಕ್ಕೆ ತಾಗಿತು, ಇನ್ನೊಂದರಲ್ಲಿ ನನ್ನ ತಾಯಿ ಯಾರ ಕೈಯನ್ನೂ ಹಿಡಿಯದೆ ಇಳಿದರು.

ಆ ಎರಡನೆಯದನ್ನೇ ಕೊಂಡೆವು. ಹಿಂದಿನ ಆಸನವನ್ನು ಮಡಿಸಿದರೆ ಹನಿ ನೀರಾವರಿಯ ಪೈಪಿನ ಸುರುಳಿಯೂ ಎರಡು ಗೊಬ್ಬರದ ಮೂಟೆಗಳೂ ಅದರಲ್ಲಿ ಹಿಡಿಯುತ್ತವೆ; ಟೊಮ್ಯಾಟೊ ಎಂದಿನಂತೆ ಹಳೆಯ ವಿದ್ಯಾರ್ಥಿಯ ಪಿಕಪ್ಪಿನಲ್ಲಿ ಹೋಗುತ್ತದೆ. ಆಧುನಿಕ ಡಬಲ್ ಕ್ಯಾಬಿನ ವಿಷಯದಲ್ಲಿ ನನಗೆ ದ್ವೇಷವಿಲ್ಲ. ದಾರಿಯಿಲ್ಲದ ಕಾಫಿ ಎಸ್ಟೇಟಿನಲ್ಲಿ ಐದು ಮಂದಿಯನ್ನೂ ಅವರ ಸಲಕರಣೆಗಳನ್ನೂ ನಿತ್ಯವೂ ಒಯ್ಯಬೇಕಾದವನಿಗೆ ಅದು ಯಥೋಚಿತವಾದ ವಾಹನ. ವಾಹನವನ್ನು ತನ್ನ ವರ್ಷದ ಅತ್ಯಂತ ದೊಡ್ಡ ದಿನಕ್ಕೆ ಅಳೆದು ಕೊಳ್ಳುವವನು ಉಳಿದ ದಿನಗಳಲ್ಲೆಲ್ಲ ಆ ಒಂದು ದಿನದ ಸಾಲ ತೀರಿಸುತ್ತಾನೆ. ಸಾಮಾನ್ಯ ದಿನಕ್ಕೆ ಅಳೆದು ಕೊಂಡು, ದೊಡ್ಡ ದಿನಕ್ಕೆ ಬಾಡಿಗೆ ತೆತ್ತವನ ಹಣವು ಊರಿನಲ್ಲಿಯೇ ಇನ್ನೊಬ್ಬನ ಕಂತಿಗೆ ಒದಗುತ್ತದೆ. ಶೋರೂಮಿಗೆ ಹೋಗುವ ಮುನ್ನ, ಕಳೆದ ವರ್ಷ ನಮ್ಮ ಗಾಡಿಯಲ್ಲಿ ಕುಳಿತವರಾರು, ಹೇರಿದ್ದೇನು, ಎಷ್ಟು ಬಾರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ, ಅಲ್ಲಿಯ ಮಾರಾಟಗಾರನ ಎಂತಹ ವಾಗ್ವೈಖರಿಗೂ ಆ ಹಾಳೆಯೇ ಸಾಕಷ್ಟು ಉತ್ತರ ಕೊಡುತ್ತದೆ.