ಮೊದಲು ಆಂಬ್ಯುಲೆನ್ಸ್, ಆಮೇಲೆ ದಂಡ

ಹೆಲ್ಮೆಟ್ ಹಾಕದೆ ಬಿದ್ದವನ ಚಿಕಿತ್ಸೆಗೆ ಸರ್ಕಾರದ ದುಡ್ಡು ಯಾಕೆ? ಹಾಸ್ಟೆಲ್ ಮೆಸ್ಸಿನಲ್ಲಿ ನಮ್ಮ ನಡುವೆ ಈ ವಾದ ಆಗಾಗ ಏಳುತ್ತೆ. ಮೋಟಾರು ವಾಹನ ಕಾಯ್ದೆ ನೆರವನ್ನೂ ಶಿಕ್ಷೆಯನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟಿದೆ. ಗಾಯವಾದ ಮೊದಲ ಒಂದು ಗಂಟೆಯೇ ‘ಗೋಲ್ಡನ್ ಅವರ್’. ಆಗ ಜೀವ ಉಳಿಸೋದಷ್ಟೇ ಕೆಲಸ. 2025ರ ನಗದುರಹಿತ ಯೋಜನೆಯಲ್ಲಿ 7 ದಿನ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ, ಹೆಲ್ಮೆಟ್ಟಿನ ಷರತ್ತಿಲ್ಲ. ಲೆಕ್ಕ ಆಮೇಲೆ: 194ಡಿ ಕಲಮಿನಲ್ಲಿ ದಂಡ, 3 ತಿಂಗಳು ಲೈಸೆನ್ಸ್ ಅನರ್ಹತೆ; ಅವನ ನಿರ್ಲಕ್ಷ್ಯವೂ ಸಾಬೀತಾದರೆ ಪರಿಹಾರದಲ್ಲಿ ಕಡಿತ.

ಈ ಕ್ರಮವೇ ಸರಿ ಅನ್ನೋದು ನಮ್ಮ ಅಭಿಪ್ರಾಯ. ರಕ್ತ ಸುರಿಯುತ್ತಿರುವಾಗ ಬೀಳಿಸಿದ್ದು ಅವನ ವೇಗವೋ, ರಸ್ತೆಗುಂಡಿಯೋ ಅಂತ ಸುತ್ತ ನಿಂತವರಿಗೆ ಗೊತ್ತಾಗಲ್ಲ. (ನಮ್ಮೂರ ಗುಂಡಿಗಳ ಬಗ್ಗೆ ಹೇಳಬೇಕಾ!) ಇನ್ನು, ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳಿ ಅಂತ ಪೊಲೀಸರು ಒತ್ತಾಯಿಸುವಂತಿಲ್ಲ, 134ಎ ಕಲಮು ಮತ್ತು ಅದರ ನಿಯಮಗಳ ರಕ್ಷಣೆ ಅವರಿಗಿದೆ.