ಬಾಡಿಗೆ ಮನೆಯಲ್ಲಿ ಅಂಗವಿಕಲರಿಗೆ ಅನುಕೂಲ: ಖರ್ಚು ಹೇಗೆ?

ಮನೆಯಲ್ಲಿ ನಡೆಯಲು ಕಷ್ಟಪಡುವವರಿದ್ದಾರೆಯೇ? ಬಚ್ಚಲು, ಶೌಚಾಲಯ, ಹೊಸ್ತಿಲುಗಳನ್ನು ಮೊದಲು ಗಮನಿಸಿ. ಬೀಳುವ ಭಯದಿಂದ ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ಕೆಲವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಇದು ಮಲಬದ್ಧತೆಗೆ, ಮೂತ್ರದ ಸೋಂಕಿಗೆ ದಾರಿ.

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಆದ್ದರಿಂದ ಮನೆ ಬದಲಿಸಿದಾಗ ಜೊತೆಗೆ ಒಯ್ಯಬಹುದಾದ ವಸ್ತುಗಳಿಗೇ ಮೊದಲು ಹಣ ಹಾಕಿ.

* ನೆಲಮಟ್ಟದ ಶೌಚಾಲಯದ ಮೇಲೆ ಇಡುವ ಕಮೋಡ್ ಕುರ್ಚಿ.
* ಸ್ನಾನಕ್ಕೂ ವುಝೂಗೂ ರಬ್ಬರ್ ಕಾಲಿನ ಗಟ್ಟಿ ಸ್ಟೂಲು.
* ಎತ್ತಿಡಬಹುದಾದ ರ‍್ಯಾಂಪ್. 1 ಅಂಗುಲ ಎತ್ತರಕ್ಕೆ 12 ಅಂಗುಲ ಉದ್ದ ಬೇಕು. ಅರ್ಧ ಅಡಿ ಮೆಟ್ಟಿಲಿಗೆ 6 ಅಡಿ.

ಗೋಡೆಗೆ ಹಿಡಿಕೆ ಕಂಬಿ ಕೂರಿಸಲು ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಮನೆ ಬಿಡುವಾಗ ಕಂಬಿ ಬಿಚ್ಚಬೇಕೇ, ಗೋಡೆ ಸರಿಪಡಿಸುವವರು ಯಾರು ಎಂಬುದೂ ಅದರಲ್ಲಿರಲಿ. ಟವೆಲ್ ಕಂಬಿ ದೇಹದ ಭಾರ ತಾಳದು, ಅದನ್ನು ನಂಬಬೇಡಿ.

ಹಣಕ್ಕೆ ಏನು ದಾರಿ? ಶೇ. 40 ಅಥವಾ ಹೆಚ್ಚಿನ ಅಂಗವಿಕಲತೆಯ ಪ್ರಮಾಣಪತ್ರವಿರುವ ಕಡಿಮೆ ಆದಾಯದವರಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಗಾಲಿಕುರ್ಚಿ, ಊರುಗೋಲಿನಂತಹ ಸಾಧನಗಳು ಸಿಗುತ್ತವೆ. ಗೋಡೆ, ನೆಲದ ಕೆಲಸಕ್ಕೆ ಅದರಲ್ಲಿ ಹಣವಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಶೇ. 5ರಷ್ಟು ಅನುದಾನ ಮೀಸಲಿಡಬೇಕು. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ಬೇಕಾದುದನ್ನು ಬರೆದು ಅರ್ಜಿ ಕೊಡಿ. ಝಕಾತ್‌ಗೆ ಅರ್ಹರಾಗಿದ್ದರೆ ಜಮಾಅತ್‌ನ ಮುಂದೆಯೂ ಸಂಕೋಚವಿಲ್ಲದೆ ಹೇಳಿಕೊಳ್ಳಿ.

ಮನೆ ಬಾಡಿಗೆಗೆ ಕೊಟ್ಟಿರುವ ಓದುಗರಿಗೂ ಒಂದು ಮಾತು: ಗೋಡೆಯ ನಾಲ್ಕು ತೂತು ಮುಚ್ಚಲು ಸ್ವಲ್ಪ ಸಿಮೆಂಟು ಸಾಕು. ಮುರಿದ ಸೊಂಟ ಕೂಡಲು ತಿಂಗಳುಗಳೇ ಬೇಕು. ಒಪ್ಪಿಗೆಗೆ ತಡಮಾಡಬೇಡಿ.